ತಲಪಾಡಿಯ ಮಣ್ಣು, ತೊಪ್ಪೂರಿನ ಪಾಸು: ಗಡಿ ಮುಚ್ಚಲು ಯಾವ ಕಾನೂನು?

2021ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡ ಜಿಲ್ಲಾಡಳಿತ ಕೇರಳದಿಂದ ಬರುವ ರಸ್ತೆಗಳನ್ನು ಮತ್ತೆ ಮುಚ್ಚಿತು. ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು, ಈ ನಾಲ್ಕು ಕಡೆ ಮಾತ್ರ ದಾರಿ ಬಿಟ್ಟಿತು. ಅಲ್ಲಿಯೂ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಕೈಯಲ್ಲಿರಬೇಕು ಎಂದಿತು. ಮಂಜೇಶ್ವರ, ಕುಂಬಳೆ ಕಡೆಯಿಂದ ಮಂಗಳೂರಿಗೆ ನಿತ್ಯ ಓದಲು ಬರುವ ಮಕ್ಕಳು ಗಡಿಯಲ್ಲಿ ನಿಂತರು. ಕಾಸರಗೋಡಿನವರೊಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಸರ್ಕಾರವನ್ನು ಕೇಳಿದ್ದು ಬಹಳ ಸರಳವಾದ ಪ್ರಶ್ನೆ: ಯಾವ ಕಾನೂನಿನ ಯಾವ ಅಧಿಕಾರದಿಂದ ಇದನ್ನು ಮಾಡಿದಿರಿ?

ಕಾಸರಗೋಡಿನ ಸುದ್ದಿ ಹೊಸೂರು, ಧರ್ಮಪುರಿ, ಸೇಲಂ ಕಡೆಯ ಓದುಗರಿಗೆ ಏಕೆ ಎಂದು ಕೆಲವರು ಕೇಳಬಹುದು. 2020ರಲ್ಲಿ ಇದೇ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿತ್ತು. ನಾವು ಅದನ್ನು ಯಾರ ಮುಂದೆಯೂ ಇಡಲಿಲ್ಲ, ಅಷ್ಟೇ ವ್ಯತ್ಯಾಸ.

2020ರ ಜೂನ್ 1ರಿಂದ ತಮಿಳುನಾಡು ಸರ್ಕಾರ ರಾಜ್ಯವನ್ನು ಎಂಟು ವಲಯಗಳಾಗಿ ವಿಂಗಡಿಸಿತು. ಸೇಲಂ ಜಿಲ್ಲೆ ಕೊಯಮತ್ತೂರು, ಈರೋಡು, ನೀಲಗಿರಿ, ನಾಮಕ್ಕಲ್ ಮುಂತಾದವುಗಳ ಜೊತೆ ಮೊದಲ ವಲಯಕ್ಕೆ ಹೋಯಿತು. ಧರ್ಮಪುರಿ, ಕೃಷ್ಣಗಿರಿಗಳು ವೇಲೂರು ಕಡೆಯ ಜಿಲ್ಲೆಗಳ ಜೊತೆ ಎರಡನೆಯದಕ್ಕೆ ಸೇರಿದವು. ವಲಯದ ಒಳಗೆ ಓಡಾಡಲು ಅಡ್ಡಿಯಿಲ್ಲ, ದಾಟಬೇಕಾದರೆ ಇ-ಪಾಸ್ ಬೇಕು. ಹೀಗೆ ತೊಪ್ಪೂರು ಘಾಟಿ ಒಂದು ಬೆಳಗಾಗುವಷ್ಟರಲ್ಲಿ ಗಡಿಯಾಯಿತು. ಧರ್ಮಪುರಿ ಜಿಲ್ಲೆ ಹುಟ್ಟಿದ್ದೇ 1965ರ ಅಕ್ಟೋಬರ್ 2ರಂದು, ಸೇಲಂ ಜಿಲ್ಲೆಯನ್ನು ಒಡೆದು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆಯ ನಮ್ಮ ಕನ್ನಡ ಶಾಲೆಗಳು ಹೀಗೆ ಊರಿನಿಂದ ಅಲುಗಾಡದೆಯೇ ಮೂರು ಜಿಲ್ಲೆಗಳ ಮೊಹರು ಕಂಡಿವೆ. ಈ ಗೆರೆಗಳನ್ನು ಆಡಳಿತದ ಅನುಕೂಲಕ್ಕೆ ಎಳೆದದ್ದು. ಜನ ಗೆರೆ ನೋಡಿ ಮದುವೆ ಮಾಡಲಿಲ್ಲ, ಗೆರೆ ನೋಡಿ ಮಕ್ಕಳನ್ನು ಹಾಸ್ಟೆಲಿಗೆ ಸೇರಿಸಲಿಲ್ಲ. ದೊಡ್ಡ ಕಾಯಿಲೆ ಬಂದರೆ ಧರ್ಮಪುರಿಯವರೂ ಸೇಲಂ ಆಸ್ಪತ್ರೆಯನ್ನೇ ನೆನೆಯುತ್ತಾರೆ.

ಜೂನ್ ಕೊನೆಯ ಹೊತ್ತಿಗೆ ಜಿಲ್ಲೆಯಿಂದ ಜಿಲ್ಲೆಗೂ ಪಾಸು ಬೇಕಾಯಿತು. ಮದುವೆ, ಸಾವು, ವೈದ್ಯಕೀಯ ತುರ್ತು: ಪಾಸಿಗೆ ಮುಖ್ಯವಾಗಿ ಈ ಮೂರು ಕಾರಣಗಳು ನಡೆಯುತ್ತಿದ್ದವು. ಶಾಲೆ ಎಂಬ ಕಾರಣ ಇರಲಿಲ್ಲ. ಶಾಲೆ ಮುಚ್ಚಿತ್ತಲ್ಲ ಎನ್ನಬಹುದು. ನಿಜ, ತರಗತಿ ಮುಚ್ಚಿತ್ತು. ಆದರೆ ವರ್ಗಾವಣೆ ಪತ್ರ, ಅಂಕಪಟ್ಟಿ, ಪಠ್ಯಪುಸ್ತಕ, ಪಿಯುಸಿ ಪ್ರವೇಶ ಇವು ಯಾವುವೂ ಮುಚ್ಚಿರಲಿಲ್ಲ. ಹತ್ತನೆಯ ತರಗತಿ ಕನ್ನಡದಲ್ಲಿ ಮುಗಿಸಿದ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಮುಂದಿನ ಓದಿಗೆ ನೋಡುವುದು ಅತ್ತಿಬೆಲೆಯ ಆಚೆಗೇ. ಅವರ ಪಾಲಿಗೆ ಜುಜುವಾಡಿ ಚೆಕ್‌ಪೋಸ್ಟ್ ಕಾಲೇಜಿನ ಗೇಟಿನಷ್ಟೇ ಮುಖ್ಯ.

ಈಗ ಕಾನೂನಿಗೆ ಬರೋಣ. ಸಂವಿಧಾನದ 19(1)(ಡಿ) ವಿಧಿ ಭಾರತದ ಯಾವುದೇ ಭಾಗದಲ್ಲಿ ಓಡಾಡುವ ಹಕ್ಕನ್ನು ಪ್ರತಿ ನಾಗರಿಕನಿಗೂ ಕೊಡುತ್ತದೆ. ಅದರ ಬೆನ್ನಿಗೇ 19(5) ಇದೆ: ಸಾರ್ವಜನಿಕ ಹಿತಕ್ಕಾಗಿ ಸಮಂಜಸ ನಿರ್ಬಂಧ ಹಾಕಬಹುದು, ಆದರೆ ಕಾನೂನಿನ ಮೂಲಕ. ಸಾಂಕ್ರಾಮಿಕ ರೋಗ ಸಾರ್ವಜನಿಕ ಹಿತದ ವಿಷಯವಲ್ಲ ಎಂದು ಯಾರೂ ಹೇಳಲಾರರು. ಹಾಗಾಗಿ ವಾದವೆಲ್ಲ ಉಳಿದ ಎರಡು ಮಾತುಗಳ ಮೇಲೆ: ಯಾವ ಕಾನೂನು, ಮತ್ತು ಎಷ್ಟು ಸಮಂಜಸ.

ಯಾವ ಕಾನೂನು ಎಂದರೆ ಎಲ್ಲರೂ ಮೊದಲು ತೋರಿಸುವುದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿಯ ಪ್ಲೇಗಿನ ಸಮಯದಲ್ಲಿ ಅವಸರದಲ್ಲಿ ಮಾಡಿದ, ಒಂದೆರಡು ಪುಟದ ಕಾಯ್ದೆ ಅದು. ರೈಲಿನಲ್ಲಿ ಅಥವಾ ಬೇರೆ ರೀತಿಯಲ್ಲಿ ಪ್ರಯಾಣಿಸುವವರನ್ನು ತಪಾಸಣೆ ಮಾಡಲು, ಸೋಂಕಿನ ಅನುಮಾನವಿದ್ದವರನ್ನು ಬೇರೆ ಇಡಲು ರಾಜ್ಯಕ್ಕೆ ಅದು ಅಧಿಕಾರ ಕೊಡುತ್ತದೆ. ಅಗತ್ಯವೆನಿಸಿದ ಕ್ರಮ ಕೈಗೊಳ್ಳಬಹುದು ಎಂಬ ಅಗಲವಾದ ಮಾತೂ ಇದೆ. ಆದರೆ ಅದು ಬಿಡಿಸಿ ಹೇಳುವುದು ತಪಾಸಣೆಯನ್ನು, ದಾರಿ ಕಡಿಯುವುದನ್ನಲ್ಲ. ಆ ಪ್ಲೇಗಿನ ಕಾಲದಲ್ಲಿ ಮದರಾಸು ಪ್ರಾಂತ್ಯದಲ್ಲಿಯೂ ಪ್ರಯಾಣಿಕರಿಗೆ ಪ್ಲೇಗ್ ಪಾಸ್‌ಪೋರ್ಟ್ ಎಂಬುದೊಂದಿತ್ತು. ಸೋಂಕಿನ ಸೀಮೆಯಿಂದ ಬಂದವನು ಅದನ್ನು ಹಿಡಿದು, ಹೋದ ಊರಿನಲ್ಲಿ ಕೆಲವು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಕಿರಿಕಿರಿಯ ವ್ಯವಸ್ಥೆಯೇ ಸರಿ, ಆದರೂ ಬಾ, ಕಣ್ಣಳತೆಯಲ್ಲಿ ಇರು ಎಂಬ ರೀತಿಯದು.

ಎರಡನೆಯದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಇದರ ಕೈ ಉದ್ದ. ಪೀಡಿತ ಪ್ರದೇಶಕ್ಕೆ ವಾಹನ ಹೋಗುವುದನ್ನು, ಜನ ಒಳಗೆ ಬರುವುದನ್ನು, ಹೊರಗೆ ಹೋಗುವುದನ್ನು ನಿಯಂತ್ರಿಸುವ ಅಧಿಕಾರ ರಾಜ್ಯದ ಕಾರ್ಯಕಾರಿ ಸಮಿತಿಗೂ (24ನೇ ಕಲಂ) ಜಿಲ್ಲಾ ಪ್ರಾಧಿಕಾರಕ್ಕೂ (34ನೇ ಕಲಂ) ಇದೆ. ನಮ್ಮ ಕಲೆಕ್ಟರುಗಳ ಬಲ ಇಲ್ಲಿಯದು. ಹಾಗಾಗಿ ತೊಪ್ಪೂರಿನ ಗೆರೆ ಮೊದಲಿಗೆ ಕಾನೂನುಬಾಹಿರವಾಗಿತ್ತು ಎಂದು ನಾನು ಹೇಳುವುದಿಲ್ಲ. ಒಂದೇ ರಾಜ್ಯದ ಒಳಗೆ, ಲಿಖಿತ ಆದೇಶದ ಮೇಲೆ, ಪಾಸಿನ ಕಿಂಡಿ ಇಟ್ಟು ಹಾಕಿದ ತಡೆ ಅದು. ಆಗ ಕೃಷ್ಣಗಿರಿ ತಮಿಳುನಾಡಿನಲ್ಲಿ ಕೇಂದ್ರದ ಪಟ್ಟಿಯ ಏಕೈಕ ಹಸಿರು ಜಿಲ್ಲೆಯಾಗಿದ್ದು, ಮೇ ತಿಂಗಳವರೆಗೆ ಸೋಂಕು ಕಾಣದೆ ಉಳಿದಿದ್ದದ್ದು ನಿಜ. ಅದನ್ನು ಕಾಪಾಡಬೇಕು ಎಂಬ ಆಸೆ ತಪ್ಪೇನಲ್ಲ.

ತೊಡಕು ಬಂದದ್ದು ಆಮೇಲೆ. ಇದೇ ಕಾಯ್ದೆಯ ಕೆಳಗೆ ಕೇಂದ್ರ ಗೃಹ ಇಲಾಖೆ 2020ರ ಮೇ 30ರಂದು ಹೊರಡಿಸಿದ ಆದೇಶದಲ್ಲಿ ರಾಜ್ಯಗಳ ನಡುವೆ, ರಾಜ್ಯದ ಒಳಗೆ ಓಡಾಟಕ್ಕೆ ನಿರ್ಬಂಧವಿಲ್ಲ ಎಂದಿತ್ತು. ಜೊತೆಗೆ, ಆರೋಗ್ಯದ ಕಾರಣಕ್ಕೆ ರಾಜ್ಯವೊಂದು ನಿಯಂತ್ರಿಸಬೇಕೆಂದರೆ ಮುಂಚಿತವಾಗಿ ವ್ಯಾಪಕ ಪ್ರಚಾರ ಕೊಡಬೇಕು ಎಂಬ ಅವಕಾಶವೂ ಇತ್ತು. ಜುಲೈ 29ರ ಆದೇಶದಲ್ಲಿ ಆ ಅವಕಾಶ ಇಲ್ಲ. ಪ್ರತ್ಯೇಕ ಅನುಮತಿ, ಇ-ಪರ್ಮಿಟ್ ಯಾವುದೂ ಬೇಡ ಎಂದೇ ಅದು ಹೇಳುತ್ತದೆ. ಆಗಸ್ಟ್ 22ರಂದು ಗೃಹ ಕಾರ್ಯದರ್ಶಿ ಅಜಯ್ ಭಲ್ಲಾ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಸ್ಥಳೀಯವಾಗಿ ಹಾಕುವ ತಡೆಗಳು ವಿಪತ್ತು ಕಾಯ್ದೆಯ ಮಾರ್ಗಸೂಚಿಯ ಉಲ್ಲಂಘನೆಯಾಗುತ್ತವೆ ಎಂದರು. ಎರಡು ದಿನಕ್ಕೆ ಕರ್ನಾಟಕ ತನ್ನ ಸೇವಾಸಿಂಧು ನೋಂದಣಿಯನ್ನು ತೆಗೆದುಹಾಕಿತು. ತಮಿಳುನಾಡು ಆಗಸ್ಟ್ 17ರಿಂದಲೇ ಕೇಳಿದವರಿಗೆಲ್ಲ ಪಾಸು ಕೊಡತೊಡಗಿತ್ತು. ಸೆಪ್ಟೆಂಬರ್ 1ರಿಂದ ಜಿಲ್ಲೆಗಳ ನಡುವಿನ ಪಾಸನ್ನು ಬಿಟ್ಟಿತು, ಹೊರರಾಜ್ಯದಿಂದ ಬರುವವರಿಗೆ ಮಾತ್ರ ಉಳಿಸಿಕೊಂಡಿತು. ಕೇಳಿದವರಿಗೆಲ್ಲ ಸಿಗುವ ಪಾಸು ರೋಗವನ್ನು ತಡೆಯುವುದು ಹೇಗೆ? ಅದು ಸ್ಮಾರ್ಟ್‌ಫೋನ್ ಇಲ್ಲದವನನ್ನು ಮಾತ್ರ ತಡೆಯುತ್ತದೆ. ಕೇಂದ್ರದ ಆದೇಶ ಬಂದ ಜುಲೈ 29ರಿಂದ ಆಗಸ್ಟ್ 31ರವರೆಗೆ ತೊಪ್ಪೂರಿನಲ್ಲಿ ಪಾಸು ಕೇಳಿದ್ದಕ್ಕೆ ಕಾನೂನಿನ ಆಧಾರ ಬಹಳ ತೆಳುವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ರಾಜ್ಯ ರಾಜ್ಯಗಳ ನಡುವಿನ ಗಡಿಯ ಕತೆ ಬೇರೆ, ಮತ್ತು ಹೆಚ್ಚು ಕಠಿಣ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯ 6ನೇ ನಮೂದು. ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೇ ನಮೂದು. ಆದರೆ ಅಂತರರಾಜ್ಯ ವಲಸೆ ಮತ್ತು ಅಂತರರಾಜ್ಯ ಕ್ವಾರಂಟೈನ್ ಎಂಬ ಮಾತು ಇರುವುದು ಕೇಂದ್ರಪಟ್ಟಿಯ 81ನೇ ನಮೂದಿನಲ್ಲಿ. ನಕ್ಷೆ ಬರೆದವರಿಗೆ ಗೊತ್ತಿತ್ತು: ಇಬ್ಬರ ನಡುವಿನ ಬಾಗಿಲಿಗೆ ಒಬ್ಬನೇ ಬೀಗ ಹಾಕಬಾರದು.

2020ರ ಮಾರ್ಚಿನಲ್ಲಿ ಆದದ್ದು ಅದೇ. ಕಾಸರಗೋಡಿನಲ್ಲಿ ಸೋಂಕು ಏರುತ್ತಿದೆ ಎಂದು ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ಆ ಜಿಲ್ಲೆಯ ಉತ್ತರ ಭಾಗದವರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಡಯಾಲಿಸಿಸ್, ಹೆರಿಗೆ, ಹೃದಯಾಘಾತ, ಎಲ್ಲಕ್ಕೂ ಅದೇ ದಾರಿ. ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಹಲವರು ಸತ್ತರೆಂದು ಪತ್ರಿಕೆಗಳಲ್ಲಿ ದಿನವೂ ವರದಿಯಾಯಿತು. ಕೇರಳ ಹೈಕೋರ್ಟಿನ ವಕೀಲರ ಸಂಘ ಅರ್ಜಿ ಹಾಕಿತು. ನ್ಯಾಯಮೂರ್ತಿಗಳಾದ ಜಯಶಂಕರನ್ ನಂಬಿಯಾರ್ ಮತ್ತು ಶಾಜಿ ಚಾಲಿ ಅವರ ಪೀಠ ಏಪ್ರಿಲ್ 1ರಂದು, ರಾಷ್ಟ್ರೀಯ ಹೆದ್ದಾರಿ ಕೇಂದ್ರಕ್ಕೆ ಸೇರಿದ್ದು, ತುರ್ತು ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು 19 ಮತ್ತು 21ನೇ ವಿಧಿಗಳ ಭಂಗ, ಅಡ್ಡಿಯನ್ನು ಕೇಂದ್ರವೇ ತೆಗೆಸಲಿ ಎಂದು ಆದೇಶಿಸಿತು. ಕರ್ನಾಟಕದ ಉತ್ತರ, ಎರಡು ರಾಜ್ಯಗಳ ಜಗಳಕ್ಕೆ 131ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟೇ ಜಾಗ, ಕೇರಳದ ಹೈಕೋರ್ಟ್ ನಮಗೆ ಹೇಳುವಂತಿಲ್ಲ ಎಂಬುದು. ವಿಷಯ ದಿಲ್ಲಿಗೆ ಹೋಯಿತು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಕೂತು ಮಾತಾಡಿಕೊಳ್ಳಿ ಎಂದಿತು. 7ರಂದು, ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಗಿದೆ ಎಂದು ಸರ್ಕಾರದ ವಕೀಲರು ತಿಳಿಸಿದ ಮೇಲೆ ಪ್ರಕರಣ ಮುಗಿಯಿತು.

ಮುಗಿದದ್ದು ಪ್ರಕರಣ, ಪ್ರಶ್ನೆ ಅಲ್ಲ. ಒಂದು ರಾಜ್ಯ ಇನ್ನೊಂದರ ಜನರಿಗೆ ಗಡಿ ಮುಚ್ಚಬಹುದೇ ಎಂಬುದಕ್ಕೆ ನಮ್ಮ ಸುಪ್ರೀಂ ಕೋರ್ಟ್ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಒಪ್ಪಂದವೇ ಲೇಸು, ಒಪ್ಪುತ್ತೇನೆ. ಆದರೆ ತೀರ್ಪಿಲ್ಲದ ಒಪ್ಪಂದಕ್ಕೆ ನೆನಪಿಲ್ಲ. ಹನ್ನೊಂದೇ ತಿಂಗಳಿಗೆ ಅದೇ ತಲಪಾಡಿಯಲ್ಲಿ ಅದೇ ತಡೆ ಬಂದದ್ದು ಅದಕ್ಕೇ.

ಒಂದು ಪಕ್ಷಕ್ಕೆ ಮಾತ್ರ ದೂರು ಹೇಳುವಂತಿಲ್ಲ. ಕರ್ನಾಟಕ 2020ರ ಏಪ್ರಿಲಿನಲ್ಲಿ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದು, ಅಗತ್ಯವೆನಿಸಿದಷ್ಟು ಕಾಲ ರಾಜ್ಯದ ಗಡಿ ಮುಚ್ಚುವ ಅಧಿಕಾರವನ್ನು ಬರೆದುಕೊಂಡಿತು. ಈಗ ಅದು ಕಾಯ್ದೆಯೇ ಆಗಿದೆ. ತಲಪಾಡಿಯಲ್ಲಿ ನೊಂದ ಕೇರಳವೂ ಅದೇ ಮಾರ್ಚ್ ಕೊನೆಯ ವಾರದಲ್ಲಿ ತಂದ ತನ್ನ ಸುಗ್ರೀವಾಜ್ಞೆಯಲ್ಲಿ ಅದೇ ಅಧಿಕಾರವನ್ನು ಇಟ್ಟುಕೊಂಡಿತು. ಕೇಂದ್ರವನ್ನೂ ಬಿಡುವಂತಿಲ್ಲ. ಕೂಲಿಕಾರರು ಊರಿಗೆ ನಡೆಯತೊಡಗಿದಾಗ ರಾಜ್ಯದ, ಜಿಲ್ಲೆಯ ಗಡಿಗಳನ್ನು ಮುಚ್ಚಿ ಎಂದು ಮಾರ್ಚ್ 29ರಂದು ಹೇಳಿದ್ದೇ ಅದು. ಆ ಅಧಿಕಾರಗಳು ಕೇಂದ್ರಪಟ್ಟಿಯ 81ನೇ ನಮೂದಿನ ಎದುರು ನಿಲ್ಲುತ್ತವೆಯೇ ಎಂದು 2021ರ ಮಾರ್ಚ್‌ವರೆಗೆ ಯಾರೂ ತೂಗಿರಲಿಲ್ಲ.

ಹೊರದೇಶದ ಒಂದು ತೀರ್ಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಪಶ್ಚಿಮ ರಾಜ್ಯ 2020ರ ಏಪ್ರಿಲ್ 5ರಿಂದ ಉಳಿದ ರಾಜ್ಯಗಳವರಿಗೆ ಬಾಗಿಲು ಹಾಕಿತು. ಗಣಿ ಉದ್ಯಮಿ ಕ್ಲೈವ್ ಪಾಮರ್ ಮೊಕದ್ದಮೆ ಹೂಡಿದರು. ಅಲ್ಲಿನ ಸಂವಿಧಾನದ 92ನೇ ಕಲಂ ರಾಜ್ಯಗಳ ನಡುವಿನ ವ್ಯಾಪಾರ, ಸಂಚಾರ ಸಂಪೂರ್ಣ ಮುಕ್ತ ಎನ್ನುತ್ತದೆ. ನಮ್ಮ 301ನೇ ವಿಧಿ ಅದರ ತಂಗಿ, 'ಸಂಪೂರ್ಣ' ಎಂಬ ಮಾತನ್ನು ಮಾತ್ರ ನಮ್ಮವರು ಬಿಟ್ಟರು. ನವೆಂಬರ್ 6ರಂದು ಅಲ್ಲಿನ ಹೈಕೋರ್ಟ್ ಪಾಮರ್ ವಿರುದ್ಧ ತೀರ್ಪು ಕೊಟ್ಟಿತು, ಕಾರಣಗಳನ್ನು 2021ರ ಫೆಬ್ರವರಿ 24ರಂದು ಪ್ರಕಟಿಸಿತು. ತಡೆ ಸರಿ ಎಂದಿತು. ಆದರೆ ಹೇಗೆ? ತಜ್ಞರ ಸಾಕ್ಷ್ಯವನ್ನು ಇನ್ನೊಂದು ನ್ಯಾಯಾಲಯದ ಮುಂದೆ ಇಟ್ಟು, ಹೊರಗಿನವರು ಬಂದರೆ ಅಪಾಯ ಎಷ್ಟು, ಬೇರೆ ಉಪಾಯ ಸಾಕೇ ಎಂದು ತೂಗಿಸಿದ ಮೇಲೆ. ಅಧಿಕಾರ ಕೊಟ್ಟ ಕಾಯ್ದೆಯನ್ನು ಓದಿ, ಅದರೊಳಗೆ ಮಿತಿ ಇದೆಯೇ ಎಂದು ನೋಡಿದ ಮೇಲೆ. ಆ ತೀರ್ಪು ಸಾಮಾನ್ಯ ಜನಕ್ಕೆ ರುಚಿಸದಿರಬಹುದು, ಆದರೆ ಸೋತವನಿಗೂ ಏಕೆ ಸೋತೆ ಎಂದು ಗೊತ್ತಾಯಿತು. ಜಾಲ್ಸೂರಿನಲ್ಲಿ ಹಿಂದಿರುಗಿದ ವಿದ್ಯಾರ್ಥಿನಿಗೆ ಅಷ್ಟೂ ಗೊತ್ತಾಗುವುದಿಲ್ಲ.

ನಮ್ಮಲ್ಲಿಯೂ ಬೇರು ಇಲ್ಲದಿಲ್ಲ. 2020ರ ಜನವರಿ 10ರಂದು, ಕೊರೊನಾ ಬರುವ ಮೊದಲೇ, ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಜನರ ಓಡಾಟ, ಮಾತು ಕಟ್ಟುವ ಆದೇಶವನ್ನು ಪ್ರಕಟಿಸಲೇಬೇಕು, ಕಾರಣ ಬರೆಯಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಕಾಶ್ಮೀರದ ಮೇಲಿನ ತೀರ್ಪು ಅದು, ಗಡಿನಾಡಿಗೂ ಅನ್ವಯಿಸುತ್ತದೆ. ಗಡಿನಾಡಿನಲ್ಲಿ ಪ್ರಕಟಿಸುವುದು ಎಂದರೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಜಿಲ್ಲೆ ಅಥವಾ ತಾಲೂಕಿನಲ್ಲಿ ಶೇಕಡಾ 15ರಷ್ಟು ಜನ ಆಡುವ ಅಲ್ಪಸಂಖ್ಯಾತ ಭಾಷೆಗೆ ಮುಖ್ಯ ನಿಯಮ, ಸೂಚನೆಗಳನ್ನು ಅನುವಾದಿಸಿ ಪ್ರಕಟಿಸಬೇಕು ಎಂದು ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ರಾಷ್ಟ್ರೀಯ ಯೋಜನೆಯಲ್ಲಿಯೇ ಇದೆ. 2020ರಲ್ಲಿ ನಮ್ಮ ತಾಯ್ತಂದೆಯರ ಕೈಗೆ ಬಂದದ್ದು ತಮಿಳಿನ, ಇಂಗ್ಲಿಷಿನ ಆದೇಶಗಳು, ವಾಟ್ಸ್ಆಪಿನಲ್ಲಿ ಅರ್ಧ ಕತ್ತರಿಸಿದ ರೂಪದಲ್ಲಿ. ಎರಡು ಭಾಷೆಯಲ್ಲಿಯೂ ಪಾಠ ಮಾಡಿದವನೆಂದು ನನ್ನ ಬಳಿ ಓದಿಸಿಕೊಳ್ಳಲು ಬಂದವರಿದ್ದರು. ತಮಿಳಿನ 'ಊರಡಂಗು' ಎಂಬ ಪದ ಕನ್ನಡ ಕಿವಿಗೆ ಊರು ಅಡಗಿದಂತೆ ಕೇಳುತ್ತದೆ, ಅಲ್ಲಿಯವರೆಗೆ ಅರ್ಥವಾಗುತ್ತದೆ. 'ಎಲ್ಲೈ' ಎಂದರೆ ನಮ್ಮ ಎಲ್ಲೆಯೇ. ಆದರೆ ಯಾರಿಗೆ ವಿನಾಯಿತಿ, ಯಾವ ಕಾಗದ ತೋರಿಸಬೇಕು ಎಂಬ ಸಣ್ಣ ಅಕ್ಷರದ ಸಾಲುಗಳು ಹೀಗೆ ಊಹೆಗೆ ಸಿಗುವುದಿಲ್ಲ.

ಶಾಲೆಯ ವಿಷಯದಲ್ಲಿ ಗಡಿ ಮುಚ್ಚಿದ್ದರಿಂದ ಏನಾಯಿತು ಎಂದು ನೋಡಿ. 2020ರ ಜುಲೈಯಲ್ಲಿ ತಮಿಳುನಾಡಿನ ಕಲ್ವಿ ಟಿವಿಯಲ್ಲಿ ಪಾಠ ಆರಂಭವಾಯಿತು, ತಮಿಳಿನಲ್ಲಿ. ಅದೇ ತಿಂಗಳು ದೂರದರ್ಶನ ಚಂದನದಲ್ಲಿ ಸೇತುಬಂಧ ಪಾಠ ಬಂತು, ಕನ್ನಡದಲ್ಲಿ, ಆದರೆ ಕರ್ನಾಟಕದ ಪಠ್ಯಕ್ರಮಕ್ಕೆ. ಡೆಂಕಣಿಕೋಟೆಯ ಕನ್ನಡ ಮಾಧ್ಯಮದ ಮಗುವಿಗೆ ಒಂದರಲ್ಲಿ ಪಾಠ ತನ್ನದು, ಭಾಷೆ ಬೇರೆ. ಇನ್ನೊಂದರಲ್ಲಿ ಭಾಷೆ ತನ್ನದು, ಪಾಠ ಬೇರೆ. ಆಕಾಶಕ್ಕೆ ಚೆಕ್‌ಪೋಸ್ಟ್ ಇಲ್ಲದಿದ್ದರೂ ಆ ಮಗು ನಡುವೆಯೇ ಉಳಿಯಿತು. ಆಗ ಉಳಿದ ದಾರಿ ಒಂದೇ: ಮೇಷ್ಟ್ರು ಮನೆ ಬಾಗಿಲಿಗೆ ಹೋಗುವುದು. ಮೇಷ್ಟ್ರು ಆನೇಕಲ್ಲಿನಲ್ಲೋ ಅತ್ತಿಬೆಲೆಯಲ್ಲೋ ಮನೆ ಮಾಡಿದ್ದರೆ ಅದಕ್ಕೂ ಪಾಸು. ಮಾಧ್ಯಮದ ಶಾಲೆ ಎಂದರೆ ಕಟ್ಟಡ, ಪುಸ್ತಕ ಮಾತ್ರವಲ್ಲ. ಆ ಭಾಷೆ ಬಲ್ಲವನೊಬ್ಬ ಅಲ್ಲಿಗೆ ತಲುಪಬೇಕು. ಬಹುಸಂಖ್ಯಾತ ಭಾಷೆಯ ಶಾಲೆಗೆ ಪಕ್ಕದ ಊರಿನಿಂದ ಬದಲಿ ಮೇಷ್ಟ್ರು ಸಿಗುತ್ತಾನೆ. ನಮ್ಮ ಶಾಲೆಗಳಿಗೆ ಗಡಿಯ ಆಚೆಯಿಂದಲೇ ಬರಬೇಕಾಗಬಹುದು. ಹೀಗಾಗಿ ಎಲ್ಲರಿಗೂ ಸಮವಾಗಿ ಹಾಕಿದ ತಡೆ ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. 'ಸಮಂಜಸ ನಿರ್ಬಂಧ' ತೂಗುವಾಗ ಈ ತೂಕವನ್ನೂ ತಕ್ಕಡಿಗೆ ಹಾಕಬೇಕು ಎಂದು ಕೇಳುವ ಹಕ್ಕು ನಮಗಿದೆ.

ಮಾಡಬೇಕೆಂದರೆ ಆಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2020ರ ಜೂನ್ 25ರಿಂದ ಕರ್ನಾಟಕ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿದಾಗ, ಕಾಸರಗೋಡಿನಲ್ಲಿ ಮನೆಯಿದ್ದು ದಕ್ಷಿಣ ಕನ್ನಡದಲ್ಲಿ ಓದುತ್ತಿದ್ದ ಮಕ್ಕಳನ್ನು ಗಡಿಯಿಂದ ಬಸ್ಸಿನಲ್ಲಿ ಕರೆತಂದು ಬರೆಸಿದರು. ಮೂರು ತಿಂಗಳ ಹಿಂದೆ ಆಂಬುಲೆನ್ಸ್ ಬಿಡದ ಅದೇ ಗಡಿ. ಮಕ್ಕಳ ಹೆಸರಿನ ಪಟ್ಟಿ ಮೊದಲೇ ಅಧಿಕಾರಿಗಳ ಕೈಯಲ್ಲಿತ್ತು, ಅದರಿಂದ ಆಯಿತು. ತಮಿಳುನಾಡು ಆ ವರ್ಷ ಹತ್ತನೆಯ ಪರೀಕ್ಷೆಯನ್ನೇ ರದ್ದು ಮಾಡಿ, ಶೇಕಡಾ 80 ಅಂಕ ಕಾಲುವಾರ್ಷಿಕ, ಅರ್ಧವಾರ್ಷಿಕಗಳಿಂದ, 20 ಹಾಜರಿಯಿಂದ ಎಂದಿತು. 2021ರಲ್ಲಿಯೂ 9, 10, 11ನೇ ತರಗತಿಗೆ ಎಲ್ಲರೂ ಪಾಸು ಎಂದು ಫೆಬ್ರವರಿ 25ರಂದು ಆಗಿನ ಮುಖ್ಯಮಂತ್ರಿ ಪಳನಿಸ್ವಾಮಿ ಘೋಷಿಸಿದರು. ಹೀಗಾಗಿ ಗಡಿ ಮಕ್ಕಳ ತೊಂದರೆ ಇಲ್ಲಿ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಕಾಣಿಸಲಿಲ್ಲ. ಕಾಣಿಸುವುದು ಪ್ರವೇಶದ ಹೊತ್ತಿನಲ್ಲಿ, ಜೂನ್‌ನಲ್ಲಿ.

2021ರ ಮಾರ್ಚ್ ಆರಂಭದಲ್ಲಿ ತಮಿಳುನಾಡು ಹೊರರಾಜ್ಯಗಳಿಂದ ಬರುವವರಿಗೆ ಇ-ಪಾಸ್ ಬೇಕೆಂದಾಗ ಕರ್ನಾಟಕ, ಆಂಧ್ರ, ಪುದುಚೇರಿಗಳನ್ನು ಹೊರಗಿಟ್ಟಿತು. ಸಂತೋಷ. ಆದರೆ ಅದು ಆದೇಶದ ಒಂದು ಸಾಲು, ಇನ್ನೊಂದು ಆದೇಶದಲ್ಲಿ ಹೋಗಬಹುದಿತ್ತು. ಆಗ ಎರಡೂ ಕಡೆ ಸೋಂಕು ಮತ್ತೆ ಏರುತ್ತಿತ್ತು, ಏಪ್ರಿಲ್ 6ರ ಚುನಾವಣೆಯ ಪ್ರಚಾರಕ್ಕೆ ಮಾತ್ರ ಯಾವ ಗಡಿಯೂ ಅಡ್ಡಬಂದಂತಿರಲಿಲ್ಲ. ಹೊಸೂರು, ಡೆಂಕಣಿಕೋಟೆ, ಧರ್ಮಪುರಿ ಕಡೆಯ ಮುಖ್ಯೋಪಾಧ್ಯಾಯರು ಈಗಲೇ ಒಂದು ಕೆಲಸ ಮಾಡಬಹುದು. ಗೆರೆಯ ಆಚೆ ಮನೆಯಿರುವ ಮಕ್ಕಳ, ಶಿಕ್ಷಕರ, ಆಚೆಯ ಕಾಲೇಜಿಗೆ ಸೇರಲಿರುವವರ ಪಟ್ಟಿ ತಯಾರಿಸಿ, ಜಿಲ್ಲಾ ಶಿಕ್ಷಣಾಧಿಕಾರಿಗೂ ಕಲೆಕ್ಟರ್ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಬಹುದು. ಅದರ ಜೊತೆ ಎರಡು ಸಾಲಿನ ಮನವಿ: ಮುಂದೆ ಸಂಚಾರ ನಿರ್ಬಂಧದ ಆದೇಶ ಬಂದರೆ ವಿನಾಯಿತಿಯ ಪಟ್ಟಿಯಲ್ಲಿ ಶಾಲೆ ಮತ್ತು ಪ್ರವೇಶ ಎಂಬ ಕಾರಣ ಸೇರಲಿ, ಆ ಆದೇಶ ಕನ್ನಡದಲ್ಲಿಯೂ ಪ್ರಕಟವಾಗಲಿ. ಮನವಿಗೆ ಉತ್ತರ ಬರದಿದ್ದರೂ ಸ್ವೀಕೃತಿಯ ಮೊಹರು ಇರುತ್ತದೆ, ನಾಳೆ ಯಾರಾದರೂ ನ್ಯಾಯಾಲಯಕ್ಕೆ ಹೋದರೆ ಮೊದಲು ಕೇಳುವ ಕಾಗದ ಅದೇ.